ಸ್ನಾಯು ಬೆಳೆಸಿದರೆ ಕೂತಲ್ಲೇ ತೂಕ ಇಳಿಯುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಪೆರ್ಲದ ಹತ್ತಿರ ನಮ್ಮ ಮನೆ, ಅಡಿಕೆ ತೋಟ ಇದೆ. ಎತ್ತರ 158 ಸೆಂಟಿಮೀಟರ್, ತೂಕ 71 ಕಿಲೋ, ಹೊಟ್ಟೆಯ ಸುತ್ತಳತೆ 92 ಸೆಂಟಿಮೀಟರ್. ಮೊದಲು ಹಟ್ಟಿಯಲ್ಲಿ ನಾಲ್ಕು ದನ ಇದ್ದವು, ಈಗ ಒಂದೂ ಇಲ್ಲ. ತೋಟದ ಕೆಲಸಕ್ಕೂ ಜನ ಬರುತ್ತಾರೆ. ಕಳೆದ ವರ್ಷ ಬೆಳಗ್ಗಿನ ತಿಂಡಿ ಬಿಟ್ಟು, ರಾತ್ರಿ ಅನ್ನದ ಬದಲು ಎರಡು ಚಪಾತಿ ಮಾತ್ರ ತಿಂದು ಮೂರು ತಿಂಗಳಲ್ಲಿ 6 ಕಿಲೋ ಇಳಿದೆ. ಆಮೇಲೆ ಎಷ್ಟು ಉಪವಾಸ ಬಿದ್ದರೂ ಮುಳ್ಳು ಅಲ್ಲಾಡಲಿಲ್ಲ. ತಂಗಿಯ ಮಗಳ ಮದುವೆ ಓಡಾಟದಲ್ಲಿ ಪಥ್ಯ ತಪ್ಪಿತು, ತೂಕ 7 ಕಿಲೋ ಏರಿತು. ಬೆಂಗಳೂರಲ್ಲಿರುವ ಮಗ ಹೇಳುತ್ತಾನೆ, "ಅಮ್ಮಾ, ಒಂದು ಕಿಲೋ ಸ್ನಾಯು ಜಾಸ್ತಿಯಾದರೆ ಮಲಗಿದಲ್ಲೇ ದಿನಕ್ಕೆ ನೂರು ಕ್ಯಾಲೊರಿ ಸುಡುತ್ತದೆ, ಜಿಮ್‌ಗೆ ಸೇರು, ಪ್ರೋಟೀನ್ ಪುಡಿ ತೆಗೆದುಕೋ" ಅಂತ. ಸ್ನಾಯು ಎಷ್ಟಿದೆ ಅಂತ ತೋರಿಸುವ ತೂಕದ ಯಂತ್ರವನ್ನೂ ಕಳಿಸಿದ್ದಾನೆ. ಅದು ಒಂದು ದಿನ 41 ಕಿಲೋ ತೋರಿಸುತ್ತದೆ, ಮರುದಿನ 39. ನಾವು ಮೀನು, ಮೊಟ್ಟೆ ತಿನ್ನುವವರಲ್ಲ. ಮೊಣಕಾಲು ನೋವಿದೆ, ಮೆಟ್ಟಿಲು ಇಳಿಯುವಾಗ ಜಾಸ್ತಿ. ಥೈರಾಯ್ಡ್ ಸರಿಯಿದೆ, ಮೂರು ತಿಂಗಳ ಸರಾಸರಿ ಸಕ್ಕರೆ 6.1 ಬಂದಿದೆ. ಮಗ ಹೇಳುವುದು ನಿಜವಾ? ಭಾರ ಎತ್ತಿದರೆ ಗಂಡಸರ ಮೈಕಟ್ಟು ಬರುವುದಿಲ್ಲವಾ?

ಉತ್ತರ: ಅಕ್ಕಾ, ನೀವು ಕೇಳಿದ್ದು ಹಲವು ಪ್ರಶ್ನೆ, ಆದರೆ ಚಿಂತೆ ಒಂದೇ ಅಂತ ಕಾಣುತ್ತದೆ. ಊಟ ಬಿಟ್ಟು ನೋಡಿದಿರಿ, ಇಳಿದದ್ದೆಲ್ಲ ಬಡ್ಡಿ ಸಮೇತ ವಾಪಸ್ ಬಂತು. ಇನ್ನು ಸ್ನಾಯುವಾದರೂ ಕೈ ಹಿಡಿಯುತ್ತದಾ, ಈ ವಯಸ್ಸಿನಲ್ಲಿ, ಈ ಮಂಡಿ ಇಟ್ಟುಕೊಂಡು?

ಕೈ ಹಿಡಿಯುತ್ತದೆ. ಆದರೆ ನಿಮ್ಮ ಮಗ ಹೇಳಿದ ಕಾರಣಕ್ಕಲ್ಲ.

ಒಂದು ಕಿಲೋಗೆ ನೂರು ಕ್ಯಾಲೊರಿ ಅನ್ನುವ ಮಾತು ಜಿಮ್‌ಗಳಲ್ಲಿ ತುಂಬ ವರ್ಷಗಳಿಂದ ಓಡಾಡುತ್ತಿದೆ. ಮಗನ ಮೇಲೆ ಬೇಸರ ಬೇಡ, ಅವನಿಗೂ ಯಾರೋ ಹೇಳಿದ್ದು. ಅಳೆದು ನೋಡಿದವರ ಲೆಕ್ಕ ಬೇರೆಯೇ ಇದೆ. ಸುಮ್ನೆ ಇರುವ ಒಂದು ಕಿಲೋ ಸ್ನಾಯು ದಿನಕ್ಕೆ ಖರ್ಚು ಮಾಡುವುದು ಸುಮಾರು 13 ಕ್ಯಾಲೊರಿ. ಒಂದು ಕಿಲೋ ಕೊಬ್ಬು 4ರಿಂದ 5. ನೀವು ವರ್ಷವಿಡೀ ಬೆವರು ಸುರಿಸಿ 2 ಕಿಲೋ ಸ್ನಾಯು ಗಳಿಸಿದಿರಿ ಅಂತ ಇಟ್ಟುಕೊಳ್ಳೋಣ. ನಿಮ್ಮ ವಯಸ್ಸಿಗೆ ಅದು ಬಹಳ ಒಳ್ಳೆಯ ಗಳಿಕೆ. ಮಲಗಿದಲ್ಲಿ ಅದರಿಂದ ಸಿಗುವ ಲಾಭ 26 ಕ್ಯಾಲೊರಿ. ಅಂದರೆ ಒಂದು ಮಾರಿ ಬಿಸ್ಕತ್ತು. ಚಹಾಕ್ಕೆ ಅದ್ದಿ ಬಾಯಿಗೆ ಹಾಕಿದರೆ ಮುಗಿಯಿತು.

ಹಾಗಾದರೆ ಕೂತಲ್ಲಿ ಖರ್ಚಾಗುವ ಕ್ಯಾಲೊರಿ ಎಲ್ಲಿ ಹೋಗುತ್ತದೆ? ಹೆಚ್ಚಿನ ಪಾಲು ಮಿದುಳು, ಯಕೃತ್ತು, ಹೃದಯ, ಮೂತ್ರಪಿಂಡಗಳಿಗೆ. ಇವೆಲ್ಲ ಸೇರಿದರೂ ಮೈತೂಕದ ನೂರರಲ್ಲಿ ಐದಾರು ಪಾಲು ಅಷ್ಟೇ, ಆದರೆ ವಿಶ್ರಾಂತಿಯ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇವುಗಳದ್ದೇ. ಹೃದಯ, ಮೂತ್ರಪಿಂಡಗಳಂತೂ ಕಿಲೋಗೆ ದಿನಕ್ಕೆ 400 ಕ್ಯಾಲೊರಿಗೂ ಮೇಲೆ ತಿನ್ನುತ್ತವೆ. ಅವುಗಳನ್ನು ದೊಡ್ಡದು ಮಾಡಲು ಆಗುವುದಿಲ್ಲ, ಮಾಡಲೂಬಾರದು.

ನಿಮ್ಮ ಎತ್ತರ, ತೂಕ, ವಯಸ್ಸನ್ನು ನಾವು ಬಳಸುವ ಸೂತ್ರಕ್ಕೆ ಹಾಕಿದರೆ ಇಡೀ ದಿನ ಮಲಗಿಯೇ ಇದ್ದರೂ ನಿಮಗೆ ಸುಮಾರು 1,300 ಕ್ಯಾಲೊರಿ ಬೇಕು. ಅದರಲ್ಲಿ ಸ್ನಾಯುವಿನ ಪಾಲು ಹೆಚ್ಚು ಕಡಿಮೆ ಐದರಲ್ಲೊಂದು. ಮನೆಕೆಲಸ, ಸ್ವಲ್ಪ ಓಡಾಟ ಸೇರಿದರೆ ದಿನದ ಖರ್ಚು 1,800ರ ಆಸುಪಾಸು. ಸೂತ್ರ ಅಂದಮೇಲೆ ನೂರಿನ್ನೂರು ಆಚೀಚೆ ಇದ್ದೇ ಇರುತ್ತದೆ.

ಸ್ನಾಯು ಅಂದರೆ ತೋಟದ ಪಂಪಿನ ಹಾಗೆ ಅಂತ ಇಟ್ಟುಕೊಳ್ಳಿ. ಶೆಡ್ಡಿನಲ್ಲಿ ಸುಮ್ಮನೆ ಕೂತ ಪಂಪಿಗೆ ಕರೆಂಟ್ ಬಿಲ್ ಬರುವುದಿಲ್ಲ, ಸ್ವಿಚ್ ಹಾಕಿದಾಗ ನೋಡಬೇಕು. ಏರು ಹತ್ತುವಾಗ, ಹೊರೆ ಹೊರುವಾಗ, ಬೇಗ ಬೇಗ ನಡೆಯುವಾಗ ಸ್ನಾಯುವಿನ ಖರ್ಚು ಹತ್ತಾರು ಪಟ್ಟು ಏರುತ್ತದೆ. ಮೈಯಲ್ಲಿ ಇಷ್ಟೊಂದು ಏರಿಳಿತ ಇರುವ ಖರ್ಚು ಬೇರೆ ಇಲ್ಲ. ನಮ್ಮ ಕೈಯಲ್ಲಿರುವುದೂ ಅದೊಂದೇ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ತೂಕ ಅಲ್ಲ, ಹಟ್ಟಿ. ನಾಲ್ಕು ದನ ಇದ್ದ ಮನೆಯ ಹೆಂಗಸಿನ ದಿನ ಹೇಗಿರುತ್ತಿತ್ತು ಅಂತ ನಿಮಗೇ ಗೊತ್ತು. ಬೆಳಗ್ಗೆ ಹಟ್ಟಿ ತೊಳೆಯುವುದು, ಸೆಗಣಿ ಎತ್ತುವುದು, ಗುಡ್ಡೆಯಿಂದ ಸೊಪ್ಪಿನ ಹೊರೆ, ತೋಟದಿಂದ ಹುಲ್ಲಿನ ಹೊರೆ, ಕೊಡಪಾನದಲ್ಲಿ ನೀರು. ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ. ಎರಡು ಸಲ ಹೋಗಿ ಬಂದರೆ ಸಾಕು, ತೊಡೆಗೆ ಬೇರೆ ಕಸರತ್ತು ಬೇಡ. ಹೆರೆಮಣೆ ಮೇಲೆ ಕೂತು ಏಳುವುದು, ಕಡೆಯುವ ಕಲ್ಲು ತಿರುಗಿಸುವುದು ಬೇರೆ. ಈಗ ಮಿಕ್ಸಿ ಇದೆ, ಹಾಲು ಪ್ಯಾಕೆಟ್‌ನಲ್ಲಿ ಬರುತ್ತದೆ, ತೋಟಕ್ಕೆ ಸ್ಪ್ರಿಂಕ್ಲರ್. ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಸೊಪ್ಪು ಹೊತ್ತು ಸೊಂಟ ಬಿದ್ದವರನ್ನೂ ನೋಡಿದ್ದೇನೆ. ಆದರೆ ದಿನಕ್ಕೆ ನಾಲ್ಕೈದು ನೂರು ಕ್ಯಾಲೊರಿಯ ದುಡಿಮೆ ಕೈಬಿಟ್ಟು ಹೋದಾಗ ಬಟ್ಟಲಿನ ಅನ್ನ ಅಷ್ಟೇ ಉಳಿದರೆ ಹೊಟ್ಟೆಯ ಸುತ್ತಳತೆ ಏರದೆ ಇನ್ನೇನಾಗುತ್ತದೆ?

"ನಲವತ್ತು ದಾಟಿದ ಮೇಲೆ ಮೈಯೇ ಹಾಗೆ" ಅನ್ನುವ ಸಮಾಧಾನವೂ ಅಷ್ಟು ಸರಿಯಲ್ಲ. 29 ದೇಶಗಳ 6,400ಕ್ಕೂ ಹೆಚ್ಚು ಜನರ ಶಕ್ತಿಯ ಖರ್ಚನ್ನು ಅಳೆದ ದೊಡ್ಡ ಅಧ್ಯಯನವೊಂದು 2021ರಲ್ಲಿ ಬಂತು. ಮೈಯ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ 20ರಿಂದ 60 ವರ್ಷದವರೆಗೆ ಖರ್ಚು ಹೆಚ್ಚು ಕಡಿಮೆ ಒಂದೇ ಸಮ ಇತ್ತು. ಮುಟ್ಟು ನಿಲ್ಲುವ ಹೊತ್ತಿಗೆ ಕೊಬ್ಬು ಹೊಟ್ಟೆಯ ಕಡೆ ಸೇರುವುದು ನಿಜ, ಅದು ಹಾರ್ಮೋನಿನ ಆಟ. ಒಲೆ ಆರಿ ಹೋಗುತ್ತದೆ ಅನ್ನುವುದು ಮಾತ್ರ ನಿಜ ಅಲ್ಲ.

ಇನ್ನು ಕಳೆದ ವರ್ಷದ ಪಥ್ಯ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಹೋಗುವುದೆಲ್ಲ ಕೊಬ್ಬಲ್ಲ. ಸುಮಾರು ಕಾಲು ಭಾಗ ಸ್ನಾಯು, ನೀರು ಮುಂತಾದ್ದು. ನಿಮ್ಮ 6 ಕಿಲೋದಲ್ಲಿ ಒಂದೂವರೆ ಕಿಲೋ ಹಾಗೆ ಹೋಗಿರಬಹುದು. ವಾಪಸ್ ಬಂದ 7 ಕಿಲೋ ಬಹುಪಾಲು ಕೊಬ್ಬೇ ಆಗಿರುತ್ತದೆ, ಯಾಕೆಂದರೆ ಆ ಹೊತ್ತಿಗೆ ನೀವು ಸ್ನಾಯುವಿಗೆ ಕೆಲಸವನ್ನೂ ಕೊಡಲಿಲ್ಲ, ಬೇಳೆಕಾಳನ್ನೂ ಕೊಡಲಿಲ್ಲ. ಹೀಗೆ ಮೂರು ನಾಲ್ಕು ಸಲ ಇಳಿದು ಏರಿದವರು ನನ್ನ ಹತ್ತಿರ ಬರುತ್ತಾರೆ. ತೂಕ ಮೊದಲಿನಷ್ಟೇ, ಆದರೆ ನೆಲದಿಂದ ಏಳಲು ಗೋಡೆ ಹಿಡಿಯಬೇಕು.

ಮುಳ್ಳು ನಿಂತದ್ದು ಯಾಕೆ? ಹೋದ ಒಂದೂವರೆ ಕಿಲೋ ಸ್ನಾಯು ಇದಕ್ಕೆ ಕಾರಣ ಅಲ್ಲ ಅನ್ನುವುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ, ಅದರಿಂದ ಆಗುವ ವ್ಯತ್ಯಾಸ ದಿನಕ್ಕೆ 20 ಕ್ಯಾಲೊರಿ. ಮೈ ಹಗುರಾದಾಗ ಅದನ್ನು ಹೊತ್ತು ತಿರುಗುವ ಖರ್ಚು ಕಡಿಮೆಯಾಗುತ್ತದೆ. ಹಸಿದ ಮೈ ನಮಗೆ ಗೊತ್ತಾಗದ ಹಾಗೆ ಓಡಾಟ ಕಡಿಮೆ ಮಾಡುತ್ತದೆ, ಎರಡು ಸಲ ಏಳುವ ಕಡೆ ಒಂದೇ ಸಲ ಏಳುತ್ತೇವೆ. ವಿಶ್ರಾಂತಿಯ ಖರ್ಚನ್ನೂ ಮೈ ಸ್ವಲ್ಪ ಬಿಗಿ ಹಿಡಿಯುತ್ತದೆ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರೀ ತೂಕ ಇಳಿಸಿದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದ್ದರು. 2016ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಅವರ ಮೈ, ಇರಬೇಕಾದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಅದು ತೀರಾ ಅತಿಗೆ ಹೋದವರ ಕತೆ. ನಿಮ್ಮದು ಅಷ್ಟು ದೂರ ಹೋಗಿಲ್ಲ. ಆದರೂ ಬೆಳಗ್ಗೆ ಉಪವಾಸ, ರಾತ್ರಿ ಎರಡು ಚಪಾತಿ ಅನ್ನುವ ದಾರಿಯಲ್ಲಿ ಮತ್ತೆ ಹೋಗಬೇಡಿ ಅನ್ನಲು ಇಷ್ಟು ಸಾಕು.

(ಚಪಾತಿ ಬಗ್ಗೆ ಒಂದು ಮಾತು. ನಮ್ಮೂರಲ್ಲಿ ಚಪಾತಿ ಒಂದು ಮಾತ್ರೆಯೇ ಆಗಿಬಿಟ್ಟಿದೆ. ಎರಡು ಚಪಾತಿಯ ಕ್ಯಾಲೊರಿ, ಒಂದೂವರೆ ಸಣ್ಣ ಬಟ್ಟಲು ಅನ್ನದ ಕ್ಯಾಲೊರಿ ಹೆಚ್ಚು ಕಡಿಮೆ ಒಂದೇ. ಚಪಾತಿಯನ್ನು ಎಣಿಸಿ ತಿನ್ನುತ್ತೇವೆ, ಅನ್ನವನ್ನು ಎಣಿಸುವುದಿಲ್ಲ. ಗುಟ್ಟು ಅಷ್ಟೇ. ಕುಚ್ಚಲಕ್ಕಿ ಅನ್ನವನ್ನೇ ಅಳತೆಯಲ್ಲಿ ಉಣ್ಣಿ, ಯಾರೂ ಬೇಡ ಅನ್ನುವುದಿಲ್ಲ.)

ಸ್ನಾಯು ಮಲಗಿದಲ್ಲಿ ಹೆಚ್ಚೇನೂ ಸುಡುವುದಿಲ್ಲ ಅಂದಮೇಲೆ ಅದರ ಗೋಜು ಯಾಕೆ ಅಂತ ಕೇಳಬಹುದು. ನಿಮ್ಮ ಸಕ್ಕರೆ 6.1 ಅಲ್ವಾ? 5.7ರಿಂದ 6.4ರವರೆಗೆ ಅಂಚಿನ ಸ್ಥಿತಿ, ಮಧುಮೇಹದ ಹೊಸ್ತಿಲು. ಊಟ ಆದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಸ್ನಾಯುವೇ. ಕೆಲಸ ಮಾಡಿ ಖಾಲಿಯಾದ ಸ್ನಾಯು ಬೇಗ ಎಳೆದುಕೊಳ್ಳುತ್ತದೆ, ಕೂತಲ್ಲೇ ಕೂತ ಸ್ನಾಯು ಬೇಡ ಅನ್ನುತ್ತದೆ. ನಮ್ಮ ದೇಶದವರಿಗೆ ಇದು ಇನ್ನೂ ಮುಖ್ಯ. ಪುಣೆಯ ಡಾ. ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸ್ನೇಹಿತ ಡಾ. ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಒಂದೇ, 22.3. ಬ್ರಿಟಿಷ್ ಡಾಕ್ಟರ ಮೈಯಲ್ಲಿ ಕೊಬ್ಬು ಶೇಕಡಾ 9.1, ನಮ್ಮ ಡಾಕ್ಟರ ಮೈಯಲ್ಲಿ 21.2. ನೋಡಲು ಸಪೂರ ಇದ್ದರೂ ಒಳಗೆ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಅದಕ್ಕೇ ನಮಗೆ ಬಿಎಂಐ 25 ದಾಟಿದರೆ ಬೊಜ್ಜು ಅನ್ನುತ್ತೇವೆ, ಹೆಂಗಸರ ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು ಅನ್ನುತ್ತೇವೆ. ನಿಮ್ಮ ಬಿಎಂಐ 28.4.

ಮಂಡಿ ನೋವಿಗೂ ಸ್ನಾಯುವೇ ಬೇಕು. ಇಳಿಯುವಾಗ ನೋವು ಜಾಸ್ತಿ ಅನ್ನುವವರಲ್ಲಿ ತೊಡೆಯ ಮುಂಭಾಗ ಸೋತಿರುವುದು ತುಂಬ ಸಾಮಾನ್ಯ. ಎಣ್ಣೆ ಹಚ್ಚಿದರೆ ಹಾಯೆನಿಸುತ್ತದೆ, ತೊಡೆಗೆ ಬಲ ಬರುವುದಿಲ್ಲ.

ಯಂತ್ರದ ವಿಷಯ. ಅದು ಪಾದದ ಮೂಲಕ ಸಣ್ಣ ಕರೆಂಟ್ ಹಾಯಿಸಿ, ಮೈಯ ನೀರನ್ನು ಅಂದಾಜು ಮಾಡಿ, ಉಳಿದದ್ದನ್ನು ಲೆಕ್ಕ ಹಾಕುತ್ತದೆ. ನೀರು ಕುಡಿದಿರಾ, ಬೆವರಿದಿರಾ, ಮುಟ್ಟಿನ ದಿನವಾ, ಎಲ್ಲದಕ್ಕೂ ಅಂಕೆ ಬದಲಾಗುತ್ತದೆ. ಒಂದೇ ರಾತ್ರಿಯಲ್ಲಿ 2 ಕಿಲೋ ಸ್ನಾಯು ಯಾರಿಗೂ ಕರಗುವುದಿಲ್ಲ. ಅದು ಸ್ನಾಯು ಅಂತ ತೋರಿಸುವ 41 ಕಿಲೋದಲ್ಲಿ ಯಕೃತ್ತು, ಕರುಳು, ನೀರು ಎಲ್ಲ ಸೇರಿದೆ. ಕೈಕಾಲು ಆಡಿಸುವ ಸ್ನಾಯು ನಿಮ್ಮಲ್ಲಿ ಅದರ ಅರ್ಧದಷ್ಟು ಇರಬಹುದು. ತೂಕಕ್ಕೆ ಮಾತ್ರ ಯಂತ್ರ ಬಳಸಿ, ವಾರಕ್ಕೊಮ್ಮೆ ಸಾಕು. ದರ್ಜಿಯ ಟೇಪಿನಲ್ಲಿ ಹೊಟ್ಟೆ ಅಳೆಯುವುದು ಅದಕ್ಕಿಂತ ನಂಬಿಕೆಯದ್ದು. ಮನೆಯಲ್ಲಿ ಪೇಸ್‌ಮೇಕರ್ ಇರುವವರು ಇದ್ದರೆ ಅವರು ಆ ಯಂತ್ರ ಹತ್ತಬಾರದು.

ಈಗ ಮಾಡುವುದೇನು? ಜಿಮ್ ಒಂದು ದಾರಿ. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಹೆಂಗಸರಿಗೆ ಬೇರೆ ಸಮಯ ಇಟ್ಟ, ಕಲಿಸಲು ತಿಳಿದವರಿರುವ ಜಿಮ್ ಸಿಕ್ಕಿದರೆ ಹೋಗಿ. ಮೊದಲ ವಾರವೇ ಭಾರ ಹೇರುವವರಿದ್ದರೆ ಬೇಡ. ಗಂಡಸರ ಮೈಕಟ್ಟು ಬರುವ ಭಯ ಬಿಡಿ. ಅದಕ್ಕೆ ಬೇಕಾದ ಟೆಸ್ಟೋಸ್ಟಿರಾನ್ ಹಾರ್ಮೋನು ಹೆಂಗಸರಲ್ಲಿ ಗಂಡಸರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಬರಲಿ ಅಂತ ವರ್ಷಗಟ್ಟಲೆ ಒದ್ದಾಡುವ ಹುಡುಗರಿಗೇ ಅದು ಸುಲಭದಲ್ಲಿ ಬರುವುದಿಲ್ಲ.

ನಿಮಗೆ ನಾನು ಮೊದಲು ಹೇಳುವುದು ಮನೆಯಲ್ಲೇ ಆಗುವ ಕೆಲಸ. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ತುದಿಯಲ್ಲಿ ಕೂತು ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆಯಿರಿ. ಮುಂದಕ್ಕೆ ಬಾಗಿ ಕೈ ಊರದೆ ಎದ್ದು ನಿಲ್ಲಿ. ಕೂರುವಾಗ ಧೊಪ್ಪನೆ ಕೂರಬೇಡಿ, ಒಂದು, ಎರಡು, ಮೂರು ಎಣಿಸುತ್ತ ನಿಧಾನಕ್ಕೆ ಇಳಿಯಿರಿ. ನಿಜವಾದ ಕೆಲಸ ಆ ಇಳಿಯುವುದರಲ್ಲೇ ಇದೆ. ಮಂಡಿ ಹಿಡಿದರೆ ಕುರ್ಚಿ ಮೇಲೆ ಮಡಚಿದ ಎರಡು ಕಂಬಳಿ ಹಾಕಿ ಎತ್ತರ ಮಾಡಿ. ಎಂಟರಿಂದ ಹತ್ತು ಸಲ, ಆಮೇಲೆ ಒಂದೂವರೆ ನಿಮಿಷ ವಿಶ್ರಾಂತಿ, ಹೀಗೆ ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟ ಅನಿಸಬೇಕು. ಅನಿಸದಿದ್ದರೆ ಕಂಬಳಿ ತೆಗೆಯಿರಿ. ಅದೂ ಸುಲಭವಾದರೆ ಚೀಲಕ್ಕೆ ಸುಲಿದ ತೆಂಗಿನಕಾಯಿ ಹಾಕಿ ಎದೆಗೆ ಅಪ್ಪಿಕೊಳ್ಳಿ. ಒಂದು ಕಾಯಿ ಸುಮಾರು ಅರ್ಧ ಕಿಲೋ, ನಾಲ್ಕರಿಂದ ಶುರು ಮಾಡಿ, ಎರಡು ವಾರಕ್ಕೊಮ್ಮೆ ಎರಡೆರಡು ಸೇರಿಸಿ. ತಿಂಗಳುಗಟ್ಟಲೆ ಅದೇ ಭಾರ ಅದೇ ಎಣಿಕೆ ಮಾಡುತ್ತಿದ್ದರೆ ಸ್ನಾಯುವಿಗೆ ಬೆಳೆಯಲು ಕಾರಣವೇ ಇರುವುದಿಲ್ಲ.

ಅದರ ಜೊತೆಗೆ ಅಡುಗೆ ಕಟ್ಟೆಗೆ ಕೈ ಊರಿ ಎದೆ ತಗ್ಗಿಸಿ ಎತ್ತುವುದು, ಅದೇ ಕಾಯಿಯ ಚೀಲವನ್ನು ಸ್ವಲ್ಪ ಬಾಗಿ ಸೊಂಟದ ಕಡೆ ಎಳೆಯುವುದು, ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತುವುದು. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಮರುದಿನ ಮೈಕೈ ನೋವು ಇರಲಿ, ಅದು ಸಹಜ. ಗಂಟು ಊದಿದರೆ, ಚುಚ್ಚಿದಂತೆ ನೋವಾದರೆ ನಿಲ್ಲಿಸಿ. ಉಸಿರು ಹಿಡಿದು ಭಾರ ಎತ್ತಬೇಡಿ, ರಕ್ತದ ಒತ್ತಡ ಏರುತ್ತದೆ. ಉಳಿದ ದಿನ ತೋಟಕ್ಕೆ ಇಳಿದು ಹತ್ತಿ. ಇಳಿಯುವಾಗ ಮಂಡಿ ನೋವು ಅನ್ನುವಷ್ಟು ದಿನ ರಸ್ತೆಯಲ್ಲಿ ನಡೆದರೂ ಆದೀತು.

ವಯಸ್ಸಾಯಿತು ಅನ್ನಬೇಡಿ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವೃದ್ಧಾಶ್ರಮದ, ಸರಾಸರಿ 90 ವರ್ಷದವರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಬಲ ಎರಡೂವರೆ ಪಟ್ಟಿಗಿಂತಲೂ ಹೆಚ್ಚಾಯಿತು. ನಿಮಗೆ ಅವರ ಅರ್ಧ ವಯಸ್ಸು.

ಊಟದಲ್ಲಿ ನಿಮ್ಮ ಕೊರತೆ ಯಾವುದು ಅಂತ ಬಟ್ಟಲು ನೋಡದೆಯೇ ಹೇಳಬಹುದು. ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಅನ್ನ, ತಂಬುಳಿ, ಮೇಲಾರ, ಒಂದು ಪಲ್ಯ, ಸಂಜೆ ಚಹಾಕ್ಕೆ ಹಪ್ಪಳವೋ ಚಿಪ್ಸೋ, ರಾತ್ರಿ ಅನ್ನ, ಮಜ್ಜಿಗೆ, ಉಪ್ಪಿನಕಾಯಿ. ರುಚಿಯಲ್ಲಿ ಇದನ್ನು ಮೀರಿಸುವ ಊಟ ಇಲ್ಲ. ಪ್ರೋಟೀನ್ ಮಾತ್ರ ಹುಡುಕಬೇಕು. ತಂಬುಳಿ ಅಂದರೆ ತೆಂಗಿನಕಾಯಿ ಮತ್ತು ಮಜ್ಜಿಗೆ. ಆ ಮಜ್ಜಿಗೆಯೂ ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು ಸುರಿದದ್ದು, ಒಂದು ಲೋಟ ಕುಡಿದರೆ ಒಂದೂವರೆ ಗ್ರಾಂ ಪ್ರೋಟೀನ್ ಸಿಕ್ಕಿದರೆ ಪುಣ್ಯ.

ಆರೋಗ್ಯವಂತರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ಹೇಳಿದೆ. ನಿಮಗೆ ಅದು 59 ಗ್ರಾಂ. ತೂಕ ಇಳಿಸುತ್ತ ಸ್ನಾಯು ಉಳಿಸಬೇಕಾದರೆ 70ರ ಹತ್ತಿರ ಇರಲಿ. ಮೊಳಕೆ ಹೆಸರುಕಾಳಿಗೆ ಒಣ ಕಾಳು 50 ಗ್ರಾಂ ಹಾಕಿದರೆ 12 ಗ್ರಾಂ ಪ್ರೋಟೀನ್. ಅಷ್ಟೇ ಕಡಲೆಯಲ್ಲಿ 10, ಹುರುಳಿಯಲ್ಲಿ 11. ನೀರು ಸೇರಿಸದ ಮೊಸರು ಕಾಲು ಕಿಲೋಗೆ 8. ಒಂದು ಮುಷ್ಟಿ ನೆಲಗಡಲೆ 6. 25 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 13, ಇಷ್ಟು ಅಗ್ಗದ ಪ್ರೋಟೀನ್ ಬೇರೆ ಇಲ್ಲ. ಅದರ ವಾಸನೆ ಹಿಡಿಸದವರೇ ಜಾಸ್ತಿ, ಬಿಸಿನೀರಲ್ಲಿ ನೆನೆಸಿ ಎರಡು ಸಲ ಹಿಂಡಿ ತೆಗೆದರೆ ವಾಸಿ. ಬೆಳಗ್ಗೆ ನೀರುದೋಸೆ ಮೂರಕ್ಕೆ ಇಳಿಸಿ ಜೊತೆಗೆ ಕಡಲೆ ಗಸಿ ಇರಲಿ. ಬೆಲ್ಲ, ಕಾಯಿತುರಿ ಹಬ್ಬಕ್ಕೆ ಸಾಕು. ಕಾಳು ಎಲ್ಲವನ್ನೂ ಒಂದೇ ವಾರದಲ್ಲಿ ತುಂಬಿದರೆ ಹೊಟ್ಟೆ ಉಬ್ಬರಿಸುತ್ತದೆ, ಸ್ವಲ್ಪ ಸ್ವಲ್ಪ ಏರಿಸಿ.

ಕ್ಯಾಲೊರಿ ದಿನಕ್ಕೆ 400 ಕಡಿಮೆಯಾದರೆ ಸಾಕು. ಒಂದು ದೊಡ್ಡ ಚಮಚ ತೆಂಗಿನೆಣ್ಣೆ 120 ಕ್ಯಾಲೊರಿ. ಪಲ್ಯ, ಒಗ್ಗರಣೆಗೆ ಬಾಟಲಿಯಿಂದ ಸುರಿಯುವ ಬದಲು ಚಮಚದಲ್ಲಿ ಅಳೆಯಿರಿ. ಸಂಜೆಯ ಕರಿದದ್ದು ವಾರಕ್ಕೊಮ್ಮೆ ಆಗಲಿ. ವಾರಕ್ಕೆ ಅರ್ಧ ಕಿಲೋಗಿಂತ ಬೇಗ ಇಳಿಯುವುದು ಬೇಡ. ಮೊದಲ ತಿಂಗಳು ಕೆಲವರಿಗೆ ತೂಕ ಅಲ್ಲಾಡುವುದಿಲ್ಲ, ಯಾಕೆಂದರೆ ಹೊಸದಾಗಿ ದುಡಿಯುವ ಸ್ನಾಯು ನೀರು ಹಿಡಿದುಕೊಳ್ಳುತ್ತದೆ. ಆಗ ಟೇಪು ನೋಡಿ. ಒಟ್ಟು ಮೂರೂವರೆ ಕಿಲೋ ಇಳಿದರೂ ಸಕ್ಕರೆ, ಒತ್ತಡದಲ್ಲಿ ವ್ಯತ್ಯಾಸ ಕಾಣಬಹುದು.

ಪ್ರೋಟೀನ್ ಪುಡಿ ಮದ್ದೂ ಅಲ್ಲ, ವಿಷವೂ ಅಲ್ಲ. ಹೆಚ್ಚಾಗಿ ಹಾಲಿನಿಂದ ತೆಗೆದ ಪುಡಿ ಅಷ್ಟೇ. ಕಾಳು ಜೀರ್ಣವಾಗದವರಿಗೆ, ಬೇಯಿಸಲು ಪುರುಸೊತ್ತಿಲ್ಲದವರಿಗೆ ಅನುಕೂಲ. ನಿಮ್ಮ ಮನೆಗೆ ಅಗತ್ಯ ಕಾಣುವುದಿಲ್ಲ. ತೆಗೆದುಕೊಳ್ಳುವುದಾದರೆ ಮೊದಲು ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮೂತ್ರಪಿಂಡದ ತೊಂದರೆ ಇರುವವರು ಪುಡಿಯನ್ನೂ ಜಾಸ್ತಿ ಕಾಳನ್ನೂ ಕೇಳದೆ ಶುರು ಮಾಡಬಾರದು.

ನೀವು ಕೇಳದಿದ್ದರೂ ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಹೇಳಬೇಕು, ಮುಂದಿನ ಸಲ ಮಗ ಅದನ್ನೇ ಹೇಳಬಹುದು. ಸೆಮಾಗ್ಲುಟೈಡ್, ಟಿರ್ಝೆಪಟೈಡ್ ಇಂಜೆಕ್ಷನ್‌ಗಳು ತೂಕಕ್ಕೆಂದೇ ನಮ್ಮ ದೇಶಕ್ಕೆ 2025ರಲ್ಲಿ ಬಂದವು. ಕೆಲಸ ಮಾಡುತ್ತವೆ, ಸುಳ್ಳಲ್ಲ. ಹಸಿವು ಇಂಗಿ ತೂಕ ಬೇಗ ಇಳಿಯುವಾಗ ಸ್ನಾಯುವೂ ಹೋಗುತ್ತದೆ, ನಿಲ್ಲಿಸಿದರೆ ಹೆಚ್ಚಿನವರಿಗೆ ತೂಕ ವಾಪಸ್ ಬರುತ್ತದೆ. ವಾಕರಿಕೆ, ವಾಂತಿ ಸಾಮಾನ್ಯ. ಅದನ್ನು ತೆಗೆದುಕೊಂಡರೂ ಕುರ್ಚಿಯ ವ್ಯಾಯಾಮ, ಕಾಳು ತಪ್ಪುವುದಿಲ್ಲ. ನಿಮ್ಮ ಸ್ಥಿತಿಯಲ್ಲಿ ಆರು ತಿಂಗಳು ಮೇಲೆ ಹೇಳಿದ್ದನ್ನು ಮಾಡಿ, ಆಮೇಲೂ ಸಕ್ಕರೆ ಏರುತ್ತಿದ್ದರೆ ಆ ಮಾತು ಆಡೋಣ.

ಶುರು ಮಾಡುವ ಮೊದಲು ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡ ನೋಡಿಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ಮುಟ್ಟಿನ ರಕ್ತ ಜಾಸ್ತಿ ಹೋಗುವವರಿಗೆ ರಕ್ತ ಕಡಿಮೆಯಾಗಿ ಸುಸ್ತಾಗುತ್ತದೆ, ಅದನ್ನೇ ಸೋಮಾರಿತನ ಅಂದುಕೊಳ್ಳುತ್ತಾರೆ. ಏರು ಹತ್ತುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ವ್ಯಾಯಾಮಕ್ಕಿಂತ ಮೊದಲು ಇಸಿಜಿ ಆಗಬೇಕು. ಸಕ್ಕರೆ ಪರೀಕ್ಷೆಯನ್ನು ಮೂರು ತಿಂಗಳಾದ ಮೇಲೆ ಮತ್ತೆ ಮಾಡಿಸಿ, ಅದಕ್ಕಿಂತ ಮೊದಲು ಮಾಡಿಸಿದರೆ ಬದಲಾವಣೆ ಪೂರ್ತಿ ಕಾಣುವುದಿಲ್ಲ.